ಅತ್ತೆ ಕಾದ ಹನ್ನೊಂದು ಗೋಡೆಗಳು

ನಮ್ಮ ಸೋದರತ್ತೆಗೆ ಹೆದರಿ ಗೋಕಾಕದ ಅದೆಷ್ಟೋ ಗಂಡಸರು ಮೂತ್ರ ಕಟ್ಟಿಕೊಂಡು ಮನೆತನಕ ಓಡಿದ್ದಾರೆ. ನಾನು ಬೆಳೆಸಿ ಹೇಳುತ್ತಿದ್ದೇನೆ ಅನ್ನಿಸಿದರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಅಲ್ಲೊಂದು ಹಳೆಯ ಗೋದಾಮಿದೆ. ಅದರ ಗೋಡೆಯ ಮೇಲೆ ಜೋಳದ ತೆನೆ ಹೊತ್ತ ಒಬ್ಬ ರೈತ, ಅವನ ಬೆನ್ನ ಹಿಂದೆ ಕೆಂಪು ಸೂರ್ಯ. ಆ ಓಣಿಯಲ್ಲಿ ಒಣಗಿದ ಗೋಡೆ ಅಂತ ಇದ್ದರೆ ಅದೊಂದೇ!

ಆ ರೈತನನ್ನು ಬರೆದವರು ಅತ್ತೆಯ ಗಂಡ, ಅಂದರೆ ನಮ್ಮ ಮಾಮಾ. ಅವರು ಗೋಡೆ ಪೇಂಟರ್. ಫ್ಲೆಕ್ಸ್ ಬರುವ ಮೊದಲು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆ ಬೀಜ, ಗೊಬ್ಬರ, ಸಿಮೆಂಟಿನ ಜಾಹೀರಾತು ಬರೆಯಬೇಕೆಂದರೆ, ಶಾಲೆಯ ಗೋಡೆಗೆ ನಕಾಶೆ ಬರೆಯಬೇಕೆಂದರೆ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಕ್ಷರ ಮುತ್ತಿನ ಹಾಗೆ, ಮುಖ ಬರೆದರೆ ಈಗ ಮಾತಾಡುತ್ತದೆ ಅನ್ನಬೇಕು. ಆದರೆ ಒಂದು ತೊಂದರೆ ಇತ್ತು. ಮಾಮಾಗೆ ಪಾದ ಬರೆಯಲು ಬರುತ್ತಿರಲಿಲ್ಲ.

ಅವರು ಬರೆದ ಮನುಷ್ಯರೆಲ್ಲ ಮೊಣಕಾಲಿನ ತನಕ ಏನೋ ಒಂದರಲ್ಲಿ ಮುಳುಗಿರುತ್ತಾರೆ. ರೈತ ಬೆಳೆಯಲ್ಲಿ, ಸೈನಿಕ ಹುಲ್ಲಿನಲ್ಲಿ, ನೀರು ತರುವ ಹೆಂಗಸು ಹೊಳೆಯಲ್ಲಿ. ಕೌಜಲಗಿ ಕಡೆಯ ಒಂದು ಶಾಲೆಯಲ್ಲಿ ಆಟದ ಬಯಲಿನ ಗೋಡೆಗೆ ಓಡುವ ಹುಡುಗಿಯ ಚಿತ್ರ ಬೇಕು ಅಂದರಂತೆ. ಓಡುವವಳಿಗೆ ಕಾಲಿಲ್ಲದಿದ್ದರೆ ಹೇಗೆ? ಮಾಮಾ ಎರಡು ದಿನ ಯೋಚಿಸಿ ಆಕೆಯ ಸುತ್ತ ದಟ್ಟವಾದ ಧೂಳೆಬ್ಬಿಸಿಬಿಟ್ಟರು. ತಪಾಸಣೆಗೆ ಬಂದ ಸಾಹೇಬರು ಆ ಧೂಳನ್ನು ನೋಡಿ, ಎಂಥ ವೇಗ, ಎಂಥ ಜೀವಕಳೆ ಅಂತ ಹೊಗಳಿ ಹೋದರಂತೆ. ಮನೆಯಲ್ಲಿ ಇದನ್ನು ಹೇಳಿ ಹೇಳಿ ಮಾಮಾ ತಾವೇ ಮೊದಲು ನಗುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಗಂಡನಿಗೆ ಏನೋ ಒಂದು ಬರುವುದಿಲ್ಲ ಎಂಬುದು ಆಕೆಗೆ ನಗುವ ವಿಷಯವಾಗಿರಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಹೊಳೆಯ ದಂಡೆಯ ಕಡೆ ಎರಡು ಖೋಲಿಯ ಮನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಮಾಮಾ ಲಾರಿಗಳ ಹಿಂದೆ ಹೂವು ಬರೆದರು, ಅಂಗಡಿಗಳ ಶಟರ್ ಮೇಲೆ ಹೆಸರು ಬರೆದರು, ಕೊನೆಗೆ ಅದೂ ನಿಂತಿತು. ಆದರೂ ಬೆಳಿಗ್ಗೆ ಎದ್ದು ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದು ಒಣಗಿಸಿಡುತ್ತಿದ್ದರು. ಯಾರಾದರೂ ಕರೆದರೆ ತಯಾರಿರಬೇಕಲ್ಲ!

ಕರೆ ಬರಲಿಲ್ಲ. ಮಹಾಪೂರ ಬಂತು.

ಆ ವರ್ಷ ಘಟಪ್ರಭಾ ತುಂಬುವ ಎರಡು ದಿನ ಮೊದಲು ಮಾಮಾಗೆ ಜ್ವರ ಹೆಚ್ಚಾಗಿ ಉಸಿರಾಟ ಕಷ್ಟವಾಯಿತು. ಎದೆಯಲ್ಲಿ ನೀರು ತುಂಬಿದೆ, ಬೆಳಗಾವಿಗೆ ಒಯ್ಯಿರಿ ಅಂದರು ಇಲ್ಲಿಯ ಡಾಕ್ಟರು. ನನ್ನ ಅಪ್ಪ ಜೊತೆಗೆ ಹೋದರು. ಅತ್ತೆ ಮನೆಯ ಸಾಮಾನು ಕಟ್ಟಿಟ್ಟು, ಹಾಸಿಗೆ ಬಟ್ಟೆ ತೆಗೆದುಕೊಂಡು ಮರುದಿನ ಬರುವುದು ಅಂತ ನಿರ್ಧಾರವಾಯಿತು. ಮರುದಿನಕ್ಕೆ ರಸ್ತೆಯೇ ಇರಲಿಲ್ಲ. ಸೇತುವೆಯ ಮೇಲೆ ನೀರು, ಸಂತೆಯಲ್ಲಿ ನೀರು, ಅತ್ತೆಯ ಮನೆಯ ಮಾಳಿಗೆಗೆ ನೀರು. ಆಕೆಯನ್ನು ದೋಣಿಯಲ್ಲಿ ತಂದು ಒಂದು ಶಾಲೆಯಲ್ಲಿ ಇಳಿಸಿದರು. ಮೂರನೆಯ ದಿನ ಅಲ್ಲಿಗೇ ಅಪ್ಪನ ಫೋನು ಬಂತು. ದೇಹವನ್ನು ಊರಿಗೆ ತರಲು ದಾರಿಯಿಲ್ಲ, ಇಟ್ಟುಕೊಳ್ಳಲು ಆಗುವುದಿಲ್ಲ. ಬೆಳಗಾವಿಯಲ್ಲೇ, ನಮ್ಮವರ ರುದ್ರಭೂಮಿಯಲ್ಲಿ ಕೂರಿಸಿ ಸಮಾಧಿ ಮಾಡಿದರು. ಅತ್ತೆ ಅಲ್ಲಿಗೆ ತಲುಪಿದ್ದು ಆರನೆಯ ದಿನ. ಆಕೆಗೆ ಸಿಕ್ಕಿದ್ದು ಒದ್ದೆ ಮಣ್ಣಿನ ಒಂದು ದಿಬ್ಬ, ಅದೂ ಎರಡು ದಿಬ್ಬಗಳಲ್ಲಿ ಯಾವುದು ಅನ್ನುವುದಕ್ಕೆ ಅಪ್ಪ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು.

ನೀರಿಳಿದ ಮೇಲೆ ಮನೆಯಲ್ಲಿ ನಡುಮಟ್ಟ ಕೆಸರು. ಬ್ರಶ್ಶು, ಬಣ್ಣದ ಡಬ್ಬಿ, ಮದುವೆಯ ಫೋಟೋ, ಅಷ್ಟೇ ಏಕೆ, ಮನೆಯ ಹಿಂದಿನ ಗೋಡೆಯೇ ಹೋಗಿತ್ತು. ತಿಥಿಗೆ ಇಡಲು ಮಾಮಾದೊಂದು ಫೋಟೋ ಬೇಕಲ್ಲ? ಎಲ್ಲೂ ಸಿಗಲಿಲ್ಲ. ಜೀವಮಾನವಿಡೀ ಬೇರೆಯವರ ಮುಖ ಬರೆದ ಮನುಷ್ಯ ಮದುವೆಯದು ಬಿಟ್ಟರೆ ತನ್ನದೊಂದು ಫೋಟೋ ತೆಗೆಸಿಕೊಂಡಿರಲಿಲ್ಲ. ಕೊನೆಗೆ ಗುರುತಿನ ಚೀಟಿಯ ನಕಲನ್ನು ಹುಡುಕಿ ಅದರಲ್ಲಿದ್ದ ಮುಖವನ್ನೇ ದೊಡ್ಡದು ಮಾಡಿಸಿದೆವು. ಚೀಟಿಯ ಫೋಟೋ ನಿಮಗೆ ಗೊತ್ತಿದ್ದದ್ದೇ. ಆ ಫೋಟೋದಲ್ಲಿ ಮಾಮಾ ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು. ಅತ್ತೆ ಒಂದು ಸಲ ನೋಡಿದಳು. ಇವರು ಯಾರೋ, ಇವರಿಗೆ ನಾನು ಯಾಕೆ ವಿಭೂತಿ ಹಚ್ಚಲಿ ಅಂತ ಎದ್ದು ಒಳಗೆ ಹೋದಳು. ತಿಥಿ ಫೋಟೋ ಇಲ್ಲದೆಯೇ ಆಯಿತು.

ಅಲ್ಲಿಂದ ಮುಂದೆ ಅತ್ತೆ ನಮ್ಮ ಮನೆಯಲ್ಲೇ ಇದ್ದಾಳೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನನ್ನ ಹತ್ತಿರ ಒಂದು ಸ್ಕೂಟಿ ಇದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನ ಮೂರು ವರ್ಷ ನಾನು ಅನುಭವಿಸಿದ್ದಕ್ಕೆಲ್ಲ ಆ ಸ್ಕೂಟಿಯೇ ಕಾರಣ.

ಶುರುವಾದದ್ದು ಮೂಡಲಗಿಯಲ್ಲಿ. ಒಂದು ಮದುವೆಗೆ ಬಸ್ಸಿನಲ್ಲಿ ಹೊರಟಿದ್ದೆವು. ಶಾಲೆಯೊಂದರ ಕಂಪೌಂಡ್ ಕಾಣುತ್ತಲೇ ಅತ್ತೆ ಬಸ್ ನಿಲ್ಲಿಸು ಅಂತ ಎದ್ದು ನಿಂತಳು. ಕಂಡಕ್ಟರ್ ಏನೋ ಅವಸರದ ಕೆಲಸ ಇರಬೇಕು ಅಂತ ನಿಲ್ಲಿಸಿದ. ಆ ಗೋಡೆಯ ಮೇಲೆ ಮಾಮಾ ಬರೆದ ಗ್ರಹಮಂಡಲವಿತ್ತು. ಸೂರ್ಯನಿಂದ ಹಿಡಿದು ಸಾಲಾಗಿ ಗ್ರಹಗಳು. ಶನಿಗೆ ಹಳದಿ ಬಳೆ. ಅದರ ಮೇಲೆ ಊರಿನ ಒಬ್ಬ ಮುಖಂಡರ ಹುಟ್ಟುಹಬ್ಬದ ಪೋಸ್ಟರ್ ಅಂಟಿಸಿದ್ದರು. ರೇಷ್ಮೆ ಸೀರೆ ಉಟ್ಟುಕೊಂಡು ಮದುವೆಗೆ ಹೊರಟ ಹೆಂಗಸು ಮುಖಂಡರ ಮೀಸೆಗೆ ಉಗುರು ಹಾಕಿ ಪರಪರ ಹರಿಯುವುದನ್ನು ಬಸ್ಸಿನವರೆಲ್ಲ ನೋಡಿದರು. ಮದುವೆಗೆ ನಾವು ಹೋಗಲಿಲ್ಲ. ಪೊಲೀಸ್ ಠಾಣೆಗೆ ಹೋದೆವು.

ಮುಖಂಡರ ಕಡೆಯ ನಾಲ್ಕು ಜನ ಅಲ್ಲಿ ಕೂಗಾಡುತ್ತಿದ್ದರು. ನಾನು ಕ್ಷಮೆ ಕೇಳಿ ಕೇಳಿ ಸೋತಿದ್ದೆ. ಅಷ್ಟರಲ್ಲಿ ಅತ್ತೆ ತಣ್ಣಗೆ ಅಂದಳು:

“ನಿಮ್ಮ ಸಾಹೇಬ್ರನ್ನ ನೀವು ಶನಿ ಮ್ಯಾಲ ಕುಂಡ್ರಿಸೀರಿ. ಹುಟ್ಟಿದ ದಿನ. ನಾ ತಗದೇನಿ. ತಪ್ಪಾಗಿದ್ರ ಹೇಳ್ರಿ, ಮತ್ತ ಅಲ್ಲೇ ಹಚ್ಚತೇನಿ.”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯನೊಬ್ಬ ಮೆಲ್ಲಗೆ ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ. ಸಂಜೆಯೊಳಗೆ ಆ ಗೋಡೆಯ ಮೇಲಿದ್ದ ಉಳಿದ ಐದು ಪೋಸ್ಟರನ್ನೂ ಅವರೇ ನಿಂತು ಕಿತ್ತರು. ಕಿತ್ತದ್ದೇನೋ ನಿಜ, ಆದರೆ ಅಂಟಿನ ಜೊತೆಗೆ ಬಣ್ಣವೂ ಎದ್ದು ಬಂತು. ಶನಿಯ ಬಳೆಯಲ್ಲಿ ಅರ್ಧ ಹೋಯಿತು, ಭೂಮಿಯಂತೂ ಪೂರ್ತಿ ಹೋಯಿತು. ಅತ್ತೆ ಹರಿದ ಪೋಸ್ಟರನ್ನು ತಿರುವಿ ನೋಡಿದಳು. ಕಾಗದದ ಬೆನ್ನಿಗೆ ನೀಲಿ ಬಣ್ಣ ಹತ್ತಿಕೊಂಡಿತ್ತು. ಅದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು.

ಮರುದಿನ ನನ್ನನ್ನು ಕೂರಿಸಿಕೊಂಡು ಒಂದು ವಹಿಯಲ್ಲಿ ಬರೆಸಿದಳು. ಮಾಮಾ ಬರೆದ ಗೋಡೆಗಳಲ್ಲಿ ಇನ್ನೂ ಯಾವ ಯಾವುವು ಇವೆ? ನಾವು ಮೂರು ವಾರ ಸ್ಕೂಟಿಯಲ್ಲಿ ತಿರುಗಿದೆವು. ನೂರಾರು ಬರೆದಿದ್ದರು, ಸಿಕ್ಕಿದ್ದು ಹನ್ನೊಂದು. ಗೋಕಾಕದಲ್ಲಿ ನಾಲ್ಕು, ಮೂಡಲಗಿ ಕಡೆ ಐದು, ಹುಕ್ಕೇರಿಯಲ್ಲಿ ಎರಡು. ಅಂದಿನಿಂದ ಪ್ರತಿ ಭಾನುವಾರ ಒಂದೊಂದು ಕಡೆ ನಮ್ಮ ಸವಾರಿ. ಅತ್ತೆಯ ಚೀಲದಲ್ಲಿ ನೀರಿನ ಬಾಟಲಿ, ಹಳೆಯ ಧೋತರದ ತುಂಡು, ತೆಂಗಿನ ನಾರು. ಪೋಸ್ಟರನ್ನು ಕೀಳಬಾರದು, ಒದ್ದೆ ಧೋತರ ಹೊದಿಸಿ ಅರ್ಧ ತಾಸು ನೆನೆಸಿ ಮೇಲಿನಿಂದ ಕೆಳಗೆ ಎಳೆಯಬೇಕು ಎಂಬುದನ್ನು ಆಕೆ ಕಲಿತಳು. ಈ ವಿದ್ಯೆಯನ್ನು ನನಗೂ ಕಲಿಸಿದ್ದಾಳೆ. ಎಂ.ಎಸ್ಸಿ. ಮಾಡಿದ್ದಕ್ಕಿಂತ ಇದು ಕಷ್ಟ.

ಇನ್ನು ಆ ಗೋದಾಮಿನ ಗೋಡೆಯ ಕತೆ. ಅತ್ತೆ ಅಲ್ಲಿ ಯಾರನ್ನೂ ಬೈಯುತ್ತಿರಲಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಯಾರಾದರೂ ಗೋಡೆಗೆ ಮುಖ ಮಾಡಿ ನಿಂತರೆ, ಸದ್ದಿಲ್ಲದೆ ಹೋಗಿ ಅವರ ಬೆನ್ನ ಹಿಂದೆ ನೀರಿನ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು. ಮುಗಿಸಿಕೊಂಡು ತಿರುಗಿದವನ ಕೈಗೆ ತಂಬಿಗೆ ಕೊಟ್ಟು, ಗೋಡೆ ತೊಳೆದು ಹೋಗಿರಿ ಅನ್ನುತ್ತಿದ್ದಳು. ತಾಯಿಯ ವಯಸ್ಸಿನ ಹೆಂಗಸು ಹಾಗೆ ನಿಂತರೆ ಯಾವ ಗಂಡಸಿಗೆ ತಾನೆ ಧೈರ್ಯ ಉಳಿಯುತ್ತದೆ?

ಒಂದು ಭಾನುವಾರ ಬೆಳಿಗ್ಗೆ ಹೀಗೆಯೇ ಒಬ್ಬ ಹಿರಿಯರು ಸಿಕ್ಕರು. ಬಿಳಿ ಧೋತರ, ಹೆಗಲ ಮೇಲೆ ಜರಿ ಶಲ್ಯ, ಒಳ್ಳೆಯ ಮನೆತನದವರು. ಪಾಪ, ತಲೆ ತಗ್ಗಿಸಿ ಗೋಡೆ ತೊಳೆದು ಹೋದರು. ಅಂದೇ ಮಧ್ಯಾಹ್ನ ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬಂದರು. ಗಂಡಿನ ತಂದೆ ಒಳಗೆ ಕಾಲಿಟ್ಟವರೇ ಅತ್ತೆಯನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಜರಿ ಶಲ್ಯ ಅದೇ ಇತ್ತು. ಚಹಾ ಕೊಟ್ಟಾಗ ಅವರು ಎರಡು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು. ಅತ್ತೆ ಬಹಳ ಮರ್ಯಾದೆಯಿಂದ ಹೇಳಿದಳು:

“ಪೂರ್ತಿ ಕುಡೀರಿ. ನಮ್ಮನ್ಯಾಗ ಬಚ್ಚಲ ಐತಿ.”

ಸಂಬಂಧ ಆ ದಿನವೇ ಗಟ್ಟಿಯಾಯಿತು. ಅವರು ಯಾವ ಕರಾರನ್ನೂ ಹಾಕಲಿಲ್ಲ. ತಂಗಿ ಇವತ್ತಿಗೂ, ನನ್ನ ಮದುವೆ ಮಾಡಿಸಿದ್ದು ಮಾಮಾ ಬರೆದ ರೈತ ಅನ್ನುತ್ತಾಳೆ.

ನಗುವುದಕ್ಕೆ ಇಷ್ಟೇ ಇತ್ತು. ಉಳಿದದ್ದೆಲ್ಲ ಗೋಡೆಗಳು ಹೋದ ಕತೆ.

ಮೊದಲನೆಯ ಮಳೆಗಾಲದಲ್ಲಿ ಎರಡು ಹೋದವು, ತೇವ ಹಿಡಿದು ಉಪ್ಪು ಬಿಟ್ಟು. ಮೂಡಲಗಿ ತಾಲೂಕಾದ ಮೇಲೆ ರಸ್ತೆ ಅಗಲ ಮಾಡುವವರು, ಹೊಸ ಕಟ್ಟಡ ಕಟ್ಟುವವರು ಹೆಚ್ಚಾದರು. ಅಲ್ಲಿ ಸಂತೆಯ ಬಾಜೂ ಒಂದು ಗೋಡೆಗೆ ಮಾಮಾ ಒಂದು ಜೋಡಿ ಎತ್ತು ಬರೆದಿದ್ದರು, ಬಿತ್ತಿದ ಹೊಲದಲ್ಲಿ ನಿಂತದ್ದು. ನಾವು ಹೋಗಿ ಮುಟ್ಟುವಷ್ಟರಲ್ಲಿ ಯಂತ್ರ ಬಂದು ಅದರ ಅರ್ಧ ಗೋಡೆ ಕೆಡವಿತ್ತು. ಒಂದೆತ್ತಿಗೆ ಬೆನ್ನಿಲ್ಲ, ಇನ್ನೊಂದು ಕತ್ತು ಹೊರಳಿಸಿ ಅದನ್ನೇ ನೋಡುತ್ತಿರುವ ಹಾಗಿತ್ತು. ಅತ್ತೆ ಯಂತ್ರದ ಮುಂದೆ ಹೋಗಿ ನಿಂತಳು. ಡ್ರೈವರ್ ಇಳಿದು ಬಂದ. ಯಾರ ಮನೆಯವರು, ಜಾಗ ನಿಮ್ಮದಾ ಅಂತ ಕೇಳಿದ. ಜಾಗ ನಮ್ಮದಲ್ಲ ಅಂದಳು ಅತ್ತೆ. ಗೋಡೆ? ಗೋಡೆಯೂ ಅಲ್ಲ. ಮತ್ತೆ ನಿಮ್ಮದೇನು ಹೋಯಿತು ಅಂತ ಅವನು ಒರಟಾಗಿಯೇನೂ ಕೇಳಲಿಲ್ಲ, ತಿಳಿಯದೆ ಕೇಳಿದ. ಎತ್ತು ಅಂದಳು. ಅವನು ಗೋಡೆಯನ್ನು ಒಂದು ಸಲ, ಈಕೆಯನ್ನು ಒಂದು ಸಲ ನೋಡಿದ. ಹೋಗಿ ಯಂತ್ರ ನಿಲ್ಲಿಸಿ ಬೀಡಿ ಹಚ್ಚಿದ. ಅತ್ತೆ ನೋಡುವಷ್ಟು ನೋಡಿ, ತಾನಾಗಿಯೇ ಸರಿದು ನಿಂತ ಮೇಲೆಯೇ ಮತ್ತೆ ಹತ್ತಿದ. ಅವನಿಗೆ ಮೇಸ್ತ್ರಿಯಿಂದ ಬೈಗುಳ ಬಿತ್ತು.

ಆ ದಿನ ಮನೆಯಲ್ಲಿ ದೊಡ್ಡ ಜಗಳ. ಅಪ್ಪನಿಗೆ ತಮ್ಮ ಈ ತಂಗಿಯ ಮೇಲೆ ಜೀವ. ಆದರೆ ಊರೆಲ್ಲ ಗ್ವಾಡಿ ಗಂಗವ್ವ ಅಂತ ಆಡಿಕೊಳ್ಳುವುದನ್ನು ಎಷ್ಟು ದಿನ ಕೇಳುವುದು? ಆಕೆಯ ಹೆಸರು ಗಂಗವ್ವ ಅಲ್ಲ, ಪ್ರಾಸಕ್ಕೆ ಇಟ್ಟದ್ದು. ಸತ್ತವರು ಸತ್ತರು, ಸುಣ್ಣ ಬಣ್ಣಕ್ಕೆ ನೀನೇನು ಜೀವ ತುಂಬುತ್ತೀಯಾ ಅಂತ ಅಪ್ಪ ಅಂದುಬಿಟ್ಟರು. ಅತ್ತೆ ತಿರುಗಿ ಒಂದೇ ಮಾತು ಹೇಳಿದಳು:

“ಅಣ್ಣಾ, ನೀ ಅವ್ರನ್ನ ಕಡೀಗೆ ನೋಡಿದಿ. ನಾ ನೋಡಿಲ್ಲ.”

ಅಪ್ಪ ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಹುಕ್ಕೇರಿಯ ಶಾಲೆಯ ಗೋಡೆಯ ವಿಷಯ ಅತ್ತೆ ನನಗೆ ಹೇಳಿದ್ದು ಆ ಜಗಳದ ನಂತರ. ಅದನ್ನು ನಾನು ಎಷ್ಟೋ ಸಲ ನೋಡಿದ್ದೆ. ವಯಸ್ಕರ ಶಿಕ್ಷಣದ ಕಾಲದಲ್ಲಿ ಬರೆದದ್ದು. ಒಬ್ಬ ಮುದುಕ ಕಂಬಳಿ ಹೊದ್ದು ಕೂತು ಪಾಟಿಯ ಮೇಲೆ ಅಕ್ಷರ ತಿದ್ದುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಶಿಕ್ಷಕಿ ಕಂದೀಲು ಹಿಡಿದು ಮೊಣಕಾಲಿನ ತನಕ ಕತ್ತಲೆಯಲ್ಲಿ ನಿಂತಿದ್ದಾಳೆ. ಆಳಿಗಿಂತ ಎತ್ತರದ ಚಿತ್ರ; ಕೂತ ಮುದುಕನ ಮುಖ ಸರಿಯಾಗಿ ನಿಂತ ಅತ್ತೆಯ ಮುಖದ ಸಮಕ್ಕೆ ಬರುತ್ತದೆ. ಉಳಿದ ಗೋಡೆಗಳಿಗೆ ಅರ್ಧ ತಾಸು ಕೊಟ್ಟರೆ ಅತ್ತೆ ಇದಕ್ಕೆ ಅರ್ಧ ದಿನ ಕೊಡುತ್ತಿದ್ದಳು. ನಾನು ಬಿಸಿಲಿಗೆ ಬೇಸತ್ತು ಗೊಣಗುತ್ತಿದ್ದೆ.

ಆ ಮುದುಕ ಮಾಮಾ. ಆಗ ಅವರಿಗೆ ಮೂವತ್ತೈದರ ಹತ್ತಿರ. ಬರೆಯಲು ಮಾದರಿಗೆ ಯಾವ ಮುದುಕನೂ ಕೂರಲು ಒಪ್ಪಲಿಲ್ಲವಂತೆ. ಮನೆಯಿಂದ ಅತ್ತೆಯ ಕುಂಕುಮದ ಕನ್ನಡಿ ಒಯ್ದು, ಇಟ್ಟಿಗೆಯ ಮೇಲಿಟ್ಟು, ತಮ್ಮದೇ ಮುಖ ಬರೆದರು. ಆಮೇಲೆ ಕೂದಲು ಬಿಳಿ ಮಾಡಿದರು, ಗಲ್ಲ ಒಳಗೆ ತಗ್ಗಿಸಿದರು, ಎರಡು ಹಲ್ಲು ಕಿತ್ತರು. ಬುತ್ತಿ ತಂದ ಅತ್ತೆ ಅದನ್ನು ನೋಡಿ, ಅಪಶಕುನ ಬರೆದಿದ್ದೀರಿ ಅಂತ ಅತ್ತಳಂತೆ. ಮಾಮಾ ಬ್ರಶ್ ಕೆಳಗಿಟ್ಟು ಹೇಳಿದರಂತೆ:

“ಯಾಕ ಅಳತಿ? ಹಿಂಗ ಆಗೂತನಕ ಇರತೇನಿ ಅಂತ ಬರದ ಕೊಟ್ಟೇನಿ, ತಗೋ.”

ಹೋದಾಗ ಅವರಿಗೆ ಐವತ್ತೊಂಬತ್ತು. ಒಂದು ಹಲ್ಲೂ ಬಿದ್ದಿರಲಿಲ್ಲ.

ಇದು ಗೊತ್ತಾದ ಮೇಲೆ ನಾನು ಸುಮ್ಮನಿರಲು ಆಗಲಿಲ್ಲ. ಫೋನಿನಲ್ಲಿ ಆ ಮುಖದ ಫೋಟೋ ತೆಗೆದು ಸ್ಟುಡಿಯೋದವನಿಗೆ ಕೊಟ್ಟೆ, ದೊಡ್ಡದು ಮಾಡಿ ಚೌಕಟ್ಟು ಹಾಕಿಕೊಡು, ಬಣ್ಣ ಎದ್ದ ಕಡೆ ಸ್ವಲ್ಪ ಸರಿಮಾಡು ಅಂದೆ. ಅವನು ಕೆಲಸಗಾರ ಮನುಷ್ಯ. ವಾರದ ಮೇಲೆ ಕೊಟ್ಟಾಗ ಮಾಮಾ ನೀಲಿ ಕೋಟು, ಕೆಂಪು ಟೈ ಹಾಕಿಕೊಂಡು, ಗಲ್ಲಕ್ಕೆ ಗುಲಾಬಿ ಬಣ್ಣ ಬಳಿದುಕೊಂಡು, ಹಿಂದೆ ಹಿಮಪರ್ವತ ಇಟ್ಟುಕೊಂಡು ಕೂತಿದ್ದರು. ಬಾಯಿಯಲ್ಲಿ ಮೂವತ್ತೆರಡು ಹಲ್ಲು! ಯಾರ ಹಲ್ಲೋ ಏನೋ. ಅತ್ತೆ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಈ ಸಾಹೇಬರು ಯಾರೇ ಇರಲಿ ಚೆನ್ನಾಗಿದ್ದಾರೆ, ಅವರ ಮನೆಯವರಿಗೆ ಮುಟ್ಟಿಸಿಬಿಡು ಅಂದಳು. ಅದು ಈಗಲೂ ನನ್ನ ಕಪಾಟಿನ ಮೇಲಿದೆ. ಯಾರಿಗೆ ಮುಟ್ಟಿಸಲಿ?

ಕಳೆದ ಬೇಸಿಗೆಯ ಹೊತ್ತಿಗೆ ವಹಿಯಲ್ಲಿ ಎಂಟು ಗೋಡೆಗಳ ಮೇಲೆ ನಾನು ಗೀಟು ಎಳೆದಾಗಿತ್ತು. ಆಗ ಹುಕ್ಕೇರಿಯಲ್ಲಿ ಮಾಸ್ತರಿಕೆ ಮಾಡುವ ನನ್ನ ಗೆಳತಿಯ ಫೋನು ಬಂತು. ನಿಮ್ಮ ಮುದುಕನಿರುವ ಶಾಲೆಯ ಕಂಪೌಂಡಿಗೆಲ್ಲ ಹೊಸ ಚಿತ್ರ ಬರೆಸುತ್ತಿದ್ದಾರೆ, ಚಿತ್ರಕಲೆ ಕಲಿತ ಹುಡುಗರು ಬಂದಿದ್ದಾರೆ, ಬಿಳಿ ಪ್ರೈಮರ್ ಬಳಿಯಲು ಶುರು ಮಾಡಿದ್ದಾರೆ, ನಿಮ್ಮ ಅತ್ತೆಯನ್ನು ಕರೆದುಕೊಂಡು ಬೇಗ ಬಾ ಅಂದಳು.

ಸ್ಕೂಟಿ ಗ್ಯಾರೇಜಿನಲ್ಲಿತ್ತು. ಘಟಪ್ರಭಾ ಊರಿನ ಮೇಲೆ ಹಾಯ್ದು ಹೋಗುವ ಬಸ್ ಹಿಡಿದೆವು. ದಾರಿಯುದ್ದಕ್ಕೂ ನಾನು ಹೆಡ್‌ಮಾಸ್ತರರ ಜೊತೆ ಹೇಗೆ ವಾದಿಸಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು.

ನಾವು ಹೋದಾಗ ಹತ್ತು ಗಂಟೆಯ ಬಿಸಿಲು. ಗೋಡೆ ಅರ್ಧ ಬಿಳಿಯಾಗಿತ್ತು. ಶಿಕ್ಷಕಿ ಇರಲಿಲ್ಲ, ಕಂದೀಲು ಇರಲಿಲ್ಲ. ಬಿಳಿ ಬಣ್ಣ ಬಂದು ಮುದುಕನ ಕಂಬಳಿಯ ಅಂಚಿಗೆ ನಿಂತಿತ್ತು. ಅಲ್ಲಿ ಒಬ್ಬ ಹುಡುಗಿ, ಇಪ್ಪತ್ತೆರಡರ ಹತ್ತಿರದವಳು, ಪ್ಯಾಂಟಿನ ತುಂಬ ಬಣ್ಣ, ಕೈಯಲ್ಲಿ ಅಗಲವಾದ ಬ್ರಶ್ ಹಿಡಿದು ಮುದುಕನ ಮುಂದೆ ಸುಮ್ಮನೆ ನಿಂತಿದ್ದಳು. ಅತ್ತೆ ಆಕೆಯ ಪಕ್ಕ ಹೋಗಿ ನಿಂತಳು. ಹುಡುಗಿ ಈಕೆ ಯಾರೆಂದೂ ಕೇಳದೆ ಅಂದಳು:

“ಈ ಕೈ ನೋಡ್ರಿ, ಅಜ್ಜಿ. ಪಾಟಿ ಹೆಂಗ ಹಿಡದೈತಿ. ಹೊಸದಾಗಿ ಬರಿಯಾಕ ಕಲಿಯೋರು ಹಿಂಗ ಹಿಡೀತಾರ. ನನಗ ಇದರ ಮ್ಯಾಲ ಬಳಿಯಾಕ ಮನಸ ಆಗವಲ್ದು. ಯಾರ ಬರದಾರೋ ಏನೋ.”

ಅತ್ತೆ, ನಮ್ಮ ಮನೆಯವರು ಅಂದಳು.

ಮೂವತ್ತು ವರ್ಷದಲ್ಲಿ ಮಾಮಾ ಅವರ ಕೈಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿ ಹೇಳಿದವರು ಯಾರೂ ಇರಲಿಲ್ಲ. ಜನ ಜಾಹೀರಾತು ಓದಿದರು, ನಕಾಶೆ ನೋಡಿದರು, ಧೂಳು ಹೊಗಳಿದರು. ಹುಡುಗಿ ಬ್ರಶ್ ಕೆಳಗಿಟ್ಟು ಓಡಿಹೋಗಿ ಹೆಡ್‌ಮಾಸ್ತರರನ್ನು ಕರೆತಂದಳು. ಈ ಅಜ್ಜನನ್ನು ಹಾಗೇ ಬಿಡುತ್ತೇನೆ, ಇವನ ಸುತ್ತ ನನ್ನ ಚಿತ್ರ ಬರೆಯುತ್ತೇನೆ ಅಂತ ಅವಳೇ ವಾದಿಸಿದಳು. ಹೆಡ್‌ಮಾಸ್ತರರು ಸಜ್ಜನರು. ಗೋಡೆ ಹಳೆಯದು, ಒಳಗೆ ಪೊಳ್ಳಾಗಿದೆ, ಎಷ್ಟು ದಿನ ನಿಲ್ಲುತ್ತದೋ ಗೊತ್ತಿಲ್ಲ, ಆದರೂ ನಿಮ್ಮಿಷ್ಟ ಅಂದರು. ನಾನು ಜೋಡಿಸಿಕೊಂಡು ಬಂದ ವಾದವೆಲ್ಲ ಹಾಗೇ ಉಳಿಯಿತು. ಒಂದು ಗೋಡೆಯನ್ನಾದರೂ ಗೆದ್ದೆವು ಅಂತ ನಾನು ಅತ್ತೆಯ ಕಡೆ ತಿರುಗಿದೆ.

ಅತ್ತೆ ಗೋಡೆಗೆ ಮುಖ ಹತ್ತಿರ ಮಾಡಿ ನಿಂತಿದ್ದಳು. ಕಳೆದ ಮಳೆಯಲ್ಲಿ ಮುದುಕನ ಎಡಗಿವಿ ಹೋಗಿತ್ತು. ಒಂದು ಕಣ್ಣಿನ ಮೇಲೆ ಉಪ್ಪು ಬಿಟ್ಟು ಪೊರೆ ಬಂದ ಹಾಗಿತ್ತು. ಆಕೆ ಬೆರಳಿನಿಂದ ಗೋಡೆಯನ್ನು ಮೆಲ್ಲಗೆ ತಟ್ಟಿದಳು. ಪೊಳ್ಳು ಸದ್ದು ಬಂತು. ಕೆನ್ನೆಯ ಒಂದು ಚೂರು ಬಣ್ಣ ಎದ್ದು ಆಕೆಯ ಬೆರಳಿಗೆ ಹತ್ತಿತು.

“ಮೂರ ವರ್ಷಾತು,” ಅಂದಳು ಅತ್ತೆ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. “ಇವ್ರು ಒಂದೊಂದಽ ಚೂರ ಹೋಗೂದನ್ನ ನೋಡಾಕತ್ತೇನಿ. ಕಿವಿ ಹೋತು, ಕಣ್ಣ ಹೋತು. ಮುಂದಿನ ಮಳಿಗೆ ಬಾಯಿ ಹೊಕ್ಕೈತಿ. ಸಾಕಿನ್ನ. ನಾನಽ ಕಳಸತೇನಿ.”

ಆಮೇಲೆ ಹುಡುಗಿಯ ಕಡೆ ತಿರುಗಿ ಒಂದು ಬಕೆಟ್ ಶುದ್ಧ ನೀರು, ಒಂದು ಹೊಸ ಅರಿವೆ ಕೇಳಿದಳು. ಹುಡುಗಿ ನನ್ನನ್ನು ನೋಡಿದಳು. ತಂದುಕೊಟ್ಟಳು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅರಿವೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಮೊದಲು ಹಣೆ ಒರೆಸಿದಳು. ಆಮೇಲೆ ಕಣ್ಣು, ಕೆನ್ನೆ, ಗದ್ದ. ಕುತ್ತಿಗೆಯ ಗೆರೆಗಳನ್ನು ಒಂದೊಂದಾಗಿ ಒರೆಸಿದಳು. ಪಾಟಿ ಹಿಡಿದ ಕೈಯ ಬೆರಳುಗಳ ನಡುವೆ ಕೂತ ಧೂಳು ತೆಗೆದಳು. ಒಂದಿಷ್ಟೂ ಅವಸರ ಮಾಡಲಿಲ್ಲ. ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು, ಒದ್ದೆ ಅಂಗೈಯಲ್ಲಿ ತೇಯ್ದು, ಮೂರು ಬೆರಳಿನಿಂದ ಆ ಹಣೆಯ ಮೇಲೆ ಉದ್ದಕ್ಕೆ ಎಳೆದಳು. ಹೆಡ್‌ಮಾಸ್ತರರು ಚಪ್ಪಲಿ ಬಿಟ್ಟು ನಿಂತಿದ್ದರು. ಅವರು ಯಾವಾಗ ಬಿಟ್ಟರೋ ನಾನು ನೋಡಲಿಲ್ಲ.

ಬ್ರಶ್ ಹಿಡಿಯುವುದು ಹೇಗೆಂದು ಹುಡುಗಿ ತೋರಿಸಿದಳು. ಅತ್ತೆ ಕಂಬಳಿಯಿಂದ ಶುರು ಮಾಡಿದಳು. ಕಂಬಳಿ ಬಿಳಿಯಾಯಿತು, ಎದೆ ಬಿಳಿಯಾಯಿತು, ಪಾಟಿ ಹೋಯಿತು. ಕೈಯ ಮೇಲೆ ಬಳಿಯುವಾಗ ಹುಡುಗಿ ಆ ಕಡೆ ತಿರುಗಿಕೊಂಡಳು. ಮುಖವನ್ನು ಕೊನೆಗೆ ಇಟ್ಟುಕೊಂಡಿದ್ದಳು ಅತ್ತೆ. ಅದರ ಮುಂದೆ ಬಹಳ ಹೊತ್ತು ನಿಂತಳು, ತುಟಿ ಅಲ್ಲಾಡುತ್ತಿತ್ತು. ಏನಂದಳೋ ನನಗೆ ಕೇಳಲಿಲ್ಲ, ಕೇಳಲು ನಾನು ಹತ್ತಿರವೂ ಹೋಗಲಿಲ್ಲ. ಆಮೇಲೆ ಮಲಗಿದವರಿಗೆ ಹೊದಿಕೆ ಎಳೆಯುವ ಹಾಗೆ ಗದ್ದದಿಂದ ಮೇಲಕ್ಕೆ ಒಂದೇ ಸಲ ಬಳಿದಳು.

ಬ್ರಶ್ಶನ್ನು ಹುಡುಗಿಯ ಕೈಗೆ ಕೊಟ್ಟು, ಇನ್ನು ನೀನು ಬರೆ ಅಂದಳು. ಹುಡುಗಿ ಅಳುತ್ತಿದ್ದಳು. ಏನು ಬರೆಯಲಿ ಅಂತ ಕೇಳಿದಳು. ಅತ್ತೆ ಅವಳ ಬೆನ್ನು ಸವರಿ, ನಿನ್ನ ಮನಸ್ಸಿಗೆ ಬಂದದ್ದು ಬರೆ, ಊಟ ಮಾಡಿ ಬರೆ ಅಂದಳು.

ತಿರುಗಿ ಬರುವ ಬಸ್ಸಿನಲ್ಲಿ ಜನ ಹೆಚ್ಚಿರಲಿಲ್ಲ. ಹುಕ್ಕೇರಿ ದಾಟುವ ಮೊದಲೇ ಅತ್ತೆಗೆ ನಿದ್ದೆ ಹತ್ತಿತು. ತಲೆ ನನ್ನ ಭುಜದ ಮೇಲೆ ವಾಲಿತು. ಮೂರು ವರ್ಷ ಒಂದೇ ಖೋಲಿಯಲ್ಲಿ ಮಲಗಿದವಳು ನಾನು. ಆಕೆ ಹೀಗೆ ಮೈಮರೆತು ಮಲಗಿದ್ದನ್ನು ನೋಡಿಯೇ ಇರಲಿಲ್ಲ. ಬೆರಳುಗಳಿಗೆ ಹತ್ತಿದ ಬಿಳಿ ಬಣ್ಣ ಒಣಗಿ ಬಿರುಕು ಬಿಟ್ಟಿತ್ತು.

ಗೋಕಾಕ ಬಂತು. ಎಲ್ಲರೂ ಇಳಿದರು. ನಾನು ಅಲುಗಾಡದೆ ಕೂತಿದ್ದೆ. ಕಂಡಕ್ಟರ್ ಬಂದು, ಅಕ್ಕಾವ್ರ, ಬಸ್ ಡಿಪೋಕ್ಕೆ ಹೋಗಬೇಕು, ಅವರನ್ನು ಎಬ್ಬಿಸಿರಿ ಅಂದ.

“ಒಂದೀಟ ತಡೀರಿ, ಅಣ್ಣಾ,” ಅಂದೆ. “ನಮ್ಮತ್ತಿ ಮಣ್ಣಿಗೆ ಹೋಗಿ ಬಂದಾಳ.”

ಯಾರು ತೀರಿಕೊಂಡದ್ದು ಅಂತ ಅವನು ದನಿ ತಗ್ಗಿಸಿ ಕೇಳಿದ. ನಮ್ಮ ಮಾಮಾ ಅಂದೆ. ಅವನು ಮುಂದೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಡ್ರೈವರ್ ಇಂಜಿನ್ ಆರಿಸಿ, ಸದ್ದಾಗದ ಹಾಗೆ ಬಾಗಿಲು ತೆಗೆದು ಕೆಳಗಿಳಿದ.